ಕಿತ್ತೂರಿನ ಎಕ್ಸ್‌ಚೇಂಜ್‌ನಿಂದ ಐಪಿ ರೂಟರ್‌ವರೆಗೆ: ದೂರದ ಕಚೇರಿಗಳ ಸಂಪರ್ಕ ಸಾಧನಗಳ ಚರಿತ್ರೆ

ದೂರಸಂಪರ್ಕದ ಚರಿತ್ರೆ ಎಂದರೆ ಮಹಾನಗರಗಳ ದೊಡ್ಡ ಎಕ್ಸ್‌ಚೇಂಜ್‌ಗಳು ಕಣ್ಮುಂದೆ ಬರುತ್ತವೆ. ತಾಲ್ಲೂಕು ಕಚೇರಿಗೋ ಬ್ಯಾಂಕಿನ ಹಳ್ಳಿ ಶಾಖೆಗೋ ನಿರ್ಣಾಯಕವಾದದ್ದು ಮಾತ್ರ ಜಾಲದ ಈಚೆ ತುದಿಯ ಸಣ್ಣ ಪೆಟ್ಟಿಗೆ. ಭಾರತದಲ್ಲಿ ಧ್ವನಿಯೂ ದತ್ತಾಂಶವೂ ಬಹುಕಾಲ ಬೇರೆ ಬೇರೆ ದಾರಿಯಲ್ಲಿ ಬಂದು, ಕೊನೆಗೆ ಒಂದಾದದ್ದು ಈ ಪೆಟ್ಟಿಗೆಯಲ್ಲೇ ಎಂಬುದು ಈ ಲೇಖನದ ವಾದ.

ಮೊದಲು ಬಂದದ್ದು ಧ್ವನಿ. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ಆರಂಭಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. ಸಂಸ್ಥೆಯ 128 ಪೋರ್ಟ್‌ಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್, ಅಂದರೆ ರ‍್ಯಾಕ್ಸ್, 1986ರಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆ ಕಾಲದ ಆಮದು ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ರ‍್ಯಾಕ್ಸ್‌ಗೆ ಬೇಕಿರಲಿಲ್ಲ. ಧೂಳು, ಸೆಕೆ, ನೆಚ್ಚಲಾಗದ ವಿದ್ಯುತ್ತು ಇವನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿದು ಅದನ್ನು ರೂಪಿಸಲಾಗಿತ್ತು. ಇನ್ನೊಂದು ಸಂಗತಿಗೂ ಅಷ್ಟೇ ತೂಕವಿದೆ: ನಮ್ಮಲ್ಲಿ ಸಂಪರ್ಕಗಳು ಕಡಿಮೆ, ಆದರೆ ಒಂದೊಂದು ಫೋನನ್ನೂ ಹಲವರು ಬಳಸುತ್ತಿದ್ದರು, ಪ್ರತಿ ಲೈನಿನ ಮೇಲೆ ಕರೆಗಳ ಹೊರೆ ಹೆಚ್ಚು. ಬಳಕೆಯ ಈ ವಾಸ್ತವವನ್ನು ವಿನ್ಯಾಸದ ಆರಂಭಬಿಂದುವಾಗಿಸಿಕೊಂಡದ್ದೇ ರ‍್ಯಾಕ್ಸ್‌ನ ನಿಜವಾದ ಸಾಧನೆ ಎಂದು ನನ್ನ ಅಭಿಪ್ರಾಯ.

ದತ್ತಾಂಶ ಹಿಡಿದದ್ದು ಆಕಾಶಮಾರ್ಗ. ಎನ್. ಶೇಷಗಿರಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರವು 1980ರ ದಶಕದ ಕೊನೆಯ ವರ್ಷಗಳಲ್ಲಿ ನಿಕ್‌ನೆಟ್ ಕಟ್ಟಿತು. ಜಿಲ್ಲಾಧಿಕಾರಿಗಳ ಕಚೇರಿಗಳಲ್ಲಿ ಉಪಗ್ರಹದೊಂದಿಗೆ ನೇರವಾಗಿ ಸಂಪರ್ಕಿಸುವ ಸಣ್ಣ ವಿಸ್ಯಾಟ್ ಆಂಟೆನಾಗಳು ಎದ್ದವು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ತನ್ನ ವಿದೇಶಿ ಕಚೇರಿಗಳೊಂದಿಗೆ ಉಪಗ್ರಹ ಸಂಪರ್ಕವನ್ನೇ ನೆಚ್ಚಿಕೊಂಡಿತು. ಹೀಗಾಗಿ ಜಿಲ್ಲಾ ಕಚೇರಿಯಲ್ಲಿ ಮೇಜಿನ ಮೇಲಿನ ಫೋನ್ ಒಂದು ಜಾಲಕ್ಕೆ, ಪಕ್ಕದ ಕಂಪ್ಯೂಟರ್ ಇನ್ನೊಂದು ಜಾಲಕ್ಕೆ ಸೇರಿದವಾಗಿದ್ದವು. ಫೋನ್ ತಂತಿಗೆ ಮೋಡೆಮ್ ಜೋಡಿಸಬಹುದಿತ್ತು, ನಿಜ. ಆದರೆ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಪಟ್ಟಿಯನ್ನೇ ಅದು ಬಳಸುತ್ತಿದ್ದುದರಿಂದ ಕಡತ ಸಾಗುವಷ್ಟು ಹೊತ್ತೂ ಮಾತು ನಿಲ್ಲಬೇಕಿತ್ತು.

ಎರಡನ್ನೂ ಕೂಡಿಸುವ ಗಣಿತ ಬಹಳ ಹಿಂದೆಯೇ ಸಿದ್ಧವಾಗಿತ್ತು. ಧ್ವನಿಯನ್ನು ಅಂಕಿಗಳಾಗಿಸುವ ಪಲ್ಸ್ ಕೋಡ್ ಮಾಡ್ಯುಲೇಶನ್ ವಿಧಾನವನ್ನು ಅಲೆಕ್ ರೀವ್ಸ್ 1930ರ ದಶಕದಲ್ಲೇ ರೂಪಿಸಿದ್ದರು. ಸೆಕೆಂಡಿಗೆ 8000 ಮಾದರಿ, ಪ್ರತಿ ಮಾದರಿಗೆ 8 ಬಿಟ್: ಒಂದು ಮಾತಿಗೆ 64 ಕಿಲೋಬಿಟ್. ಅಮೆರಿಕದ ಬೆಲ್ ವ್ಯವಸ್ಥೆ 1962ರಲ್ಲಿ ಇಂಥ 24 ವಾಹಿನಿಗಳನ್ನು ಒಂದೇ ಮಾರ್ಗಕ್ಕೆ ಪೋಣಿಸಿದ ಟಿ-1 ತಂದಿತು. ಭಾರತ ಅನುಸರಿಸಿದ ಇ-1 ಪದ್ಧತಿಯಲ್ಲಿ 32 ಟೈಮ್ ಸ್ಲಾಟ್‌ಗಳಿವೆ, ಒಟ್ಟು ವೇಗ 2.048 ಮೆಗಾಬಿಟ್. ಧ್ವನಿಯೇ ಅಂಕಿಯಾದ ಮೇಲೆ ಸ್ಲಾಟಿನೊಳಗೆ ಇರುವುದು ಮಾತೋ ಲೆಕ್ಕಪತ್ರವೋ ಎಂಬುದು ಮಾರ್ಗಕ್ಕೆ ಮುಖ್ಯವಲ್ಲ. ಈ ಸಾಧ್ಯತೆಯನ್ನು ಶಾಖಾ ಕಚೇರಿಗೆ ಮುಟ್ಟಿಸಿದ್ದು ಮಲ್ಟಿಪ್ಲೆಕ್ಸರ್. ಕೆಲವು ಸ್ಲಾಟ್‌ಗಳನ್ನು ಕಚೇರಿಯೊಳಗಿನ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್‌ಗೆ, ಉಳಿದವನ್ನು ಕಂಪ್ಯೂಟರಿಗೆ ಹಂಚಿ ಒಂದೇ ಲೀಸ್ಡ್ ಲೈನಿನಲ್ಲಿ ಕಳಿಸುವುದು ಅದರ ಕೆಲಸ. ಅದರ ಮಿತಿಯೂ ಅಲ್ಲೇ ಇತ್ತು: ಯಾರೂ ಮಾತಾಡದಿದ್ದಾಗಲೂ ಧ್ವನಿಯ ಸ್ಲಾಟ್ ಖಾಲಿಯಾಗಿಯೇ ಓಡುತ್ತಿತ್ತು.

ಆ ಪೋಲನ್ನು ತಪ್ಪಿಸಿದ್ದು ಪ್ಯಾಕೆಟ್, ಅಂದರೆ ಕಳಿಸಬೇಕಾದದ್ದು ಇದ್ದಾಗ ಮಾತ್ರ ಹೊರಡುವ ಅಂಕಿಗಳ ಸಣ್ಣ ಕಂತೆ. 1996ರ ಜಿ.729 ಮಾನಕವು ಮಾತನ್ನು 8 ಕಿಲೋಬಿಟ್‌ಗೆ ಇಳಿಸಿತು. ಧ್ವನಿಯ ಪ್ಯಾಕೆಟ್‌ಗೆ ಸರದಿಯಲ್ಲಿ ಆದ್ಯತೆ ಕೊಡುವ ರೂಟರ್‌ಗಳು ಬಂದವು. ಭಾರತದಲ್ಲಿ ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ದೊರೆತದ್ದು 2002ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲೇ ಮದ್ರಾಸ್ ಐಐಟಿಯ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಕಾರ್‌ಡೆಕ್ಟ್ ಎಂಬ ನಿಸ್ತಂತು ಸಾಧನದಿಂದ ಫೋನು, ಇಂಟರ್ನೆಟ್ಟು ಎರಡನ್ನೂ ಒಟ್ಟಿಗೆ ಒದಗಿಸಿತ್ತು.

ಈ ಕೂಡುವಿಕೆಯಲ್ಲಿ ಕಳೆದುಕೊಂಡದ್ದೂ ಉಂಟು, ಅದನ್ನು ಚರಿತ್ರೆಯಲ್ಲಿ ದಾಖಲಿಸಲೇಬೇಕು. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿನಲ್ಲಿ ಕರೆಂಟ್ ಹೋದರೂ ಡಯಲ್ ಟೋನ್ ಇರುತ್ತಿತ್ತು. ರೂಟರ್‌ಗೆ ಸ್ಥಳೀಯ ವಿದ್ಯುತ್ತೇ ಆಧಾರ, ಅದು ಹೋದರೆ ಮಾತು, ಲೆಕ್ಕ ಎರಡೂ ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದ ದೂರದ ಶಾಖೆಯ ಸಂಪರ್ಕ ಸಾಧನದ ವೆಚ್ಚ ಲೆಕ್ಕ ಹಾಕುವಾಗ ಅದರ ಪಕ್ಕದ ಯುಪಿಎಸ್ಸನ್ನೂ ಬ್ಯಾಟರಿಯನ್ನೂ ಸೇರಿಸಿಯೇ ಹಾಕಬೇಕು.