ಹೆತ್ತ ತಾಯಿ ಮಲತಾಯಿಯಾದ ಬಗೆ

ಅಜ್ಜಿಕಥೆಗಳನ್ನು ತರಗತಿಯಲ್ಲಿ ಹೇಳಹೊರಟ ಉಪಾಧ್ಯಾಯರನ್ನು ಕಾಡುವ ಪ್ರಶ್ನೆಯೊಂದುಂಟು: ಕಥೆಯೊಳಗಿನ ಕ್ರೌರ್ಯವನ್ನು ಉಳಿಸಬೇಕೆ, ಅಳಿಸಬೇಕೆ? ಪ್ರಶ್ನೆ ಹೊಸದಲ್ಲ. ಜರ್ಮನಿಯ ಗ್ರಿಮ್ ಸಹೋದರರು ಎರಡು ಶತಮಾನಗಳ ಹಿಂದೆಯೇ ಇದನ್ನು ಎದುರಿಸಿದ್ದರು.

ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಭಾಷಾಪಂಡಿತರು. ಅವರ ಕಥಾಸಂಗ್ರಹದ ಮೊದಲ ಸಂಪುಟ 1812ರಲ್ಲಿ 86 ಕಥೆಗಳೊಡನೆ ಹೊರಬಂದಿತು, ಎರಡನೆಯದು 1815ರಲ್ಲಿ. ಹೆಸರು ‘ಮಕ್ಕಳ ಮತ್ತು ಮನೆಯ ಕಥೆಗಳು’ ಎಂದಿದ್ದರೂ ಒಳಗೆ ವಿದ್ವಾಂಸರಿಗೆಂದು ಬರೆದ ಟಿಪ್ಪಣಿಗಳಿದ್ದುವು. ಹಂದಿ ಕೊಯ್ಯುವ ಆಟವಾಡುತ್ತ ಮಕ್ಕಳು ಜೊತೆಯ ಮಗುವನ್ನೇ ಕೊಂದ ಕಥೆಯೂ ಅದರಲ್ಲಿತ್ತು. ಇದು ಮಕ್ಕಳ ಕೈಗೆ ಕೊಡತಕ್ಕ ಪುಸ್ತಕವಲ್ಲವೆಂಬ ಟೀಕೆ ಬಂದಿತು. 1819ರ ಎರಡನೆಯ ಆವೃತ್ತಿಯಲ್ಲಿ ಆ ಕಥೆಯಿಲ್ಲ. 1825ರಲ್ಲಿ ಮಕ್ಕಳಿಗೆಂದೇ 50 ಕಥೆಗಳನ್ನು ಆರಿಸಿದ ಚಿಕ್ಕ ಆವೃತ್ತಿ ಬಂದಿತು.

ಆಮೇಲಿನ ತಿದ್ದುಪಡಿ ಹೆಚ್ಚಾಗಿ ವಿಲ್ಹೆಲ್ಮನ ಕೈಯದು. ಸ್ನೋ ವೈಟ್‌ಳನ್ನು ಕೊಲ್ಲಿಸಲು ಹವಣಿಸಿದವಳು 1812ರಲ್ಲಿ ಹೆತ್ತ ತಾಯಿ, 1819ರಲ್ಲಿ ಮಲತಾಯಿ. ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿನಲ್ಲಿ ಬಿಟ್ಟುಬರಲು ಗಂಡನನ್ನು ಒತ್ತಾಯಿಸಿದ ತಾಯಿಯೂ 1840ರ ಆವೃತ್ತಿಯಲ್ಲಿ ಮಲತಾಯಿಯಾದಳು. ಶಿಕ್ಷೆಗಳು ಮಾತ್ರ ಉಳಿದುವು: ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಕುಣಿದು ಸಾಯುವ ರಾಣಿ 1857ರ ಆವೃತ್ತಿಯಲ್ಲಿಯೂ ಇದ್ದಾಳೆ. ತಿದ್ದಿದವರನ್ನು ಹೆಚ್ಚು ಬಾಧಿಸಿದ್ದು ಶಿಕ್ಷೆಯ ಕ್ರೌರ್ಯವಲ್ಲ, ಮನೆಯೊಳಗಿನ ಕ್ರೌರ್ಯ. ತಾಯ್ತನದ ಮಾನವೇನೋ ಉಳಿಯಿತು. ಅದರ ಬೆಲೆಯನ್ನು ತೆತ್ತವರು ಲೋಕದ ಮಲತಾಯಂದಿರು.

ನಮ್ಮ ಹಂಚಿಯ ಕಥೆಯನ್ನು ನೋಡಿ. ಎ. ಕೆ. ರಾಮಾನುಜನ್ (1929–1993) ಇಂಗ್ಲಿಷಿಗೆ ತಂದ ಈ ಕನ್ನಡ ಕಥೆಯ ನಾಯಕಿ ಸಿಂಡರೆಲಾಳ ಸೋದರಿಯೇ ಸರಿ. ಅಣ್ಣನೇ ಅವಳನ್ನು ಮದುವೆಯಾಗಬಯಸಿದಾಗ ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳುಹಿಸುತ್ತಾಳೆ. ಮಕ್ಕಳ ಮುಂದೆ ಈ ಮಾತೇಕೆಂದು ಅಣ್ಣನ ಪ್ರಸಂಗವನ್ನು ಬಿಟ್ಟುಬಿಟ್ಟರೆ, ಮಗಳನ್ನು ಕಾಪಾಡಿದ ತಾಯಿ ಅವಳನ್ನು ಮನೆಯಿಂದ ಅಟ್ಟಿದವಳಂತೆ ಕಾಣುತ್ತಾಳೆ.

ಚಿಕ್ಕವರಿಗೆ ಹೇಳುವಾಗ ಕೆಲವನ್ನು ಬಿಡಬೇಕಾದೀತು. ಬಿಡುವ ಮುನ್ನ ಅದರೊಡನೆ ಇನ್ನೇನು ಕಳೆದುಹೋಗುವುದೆಂಬುದನ್ನು ಉಪಾಧ್ಯಾಯರು ಅರಿತಿರಬೇಕು. ದೊಡ್ಡ ತರಗತಿಗಳಲ್ಲಾದರೋ ಎರಡು ಆವೃತ್ತಿಗಳ ಕಥೆಯನ್ನೂ ಓದಿಸಿ, ಈ ತಾಯಿ ಮಲತಾಯಿಯಾದುದೇಕೆ ಎಂದು ಮಕ್ಕಳನ್ನೇ ಕೇಳಬಹುದು. ಮಲತಾಯಿಯ ಅಕ್ಕರೆಯಲ್ಲಿ ಬೆಳೆಯುತ್ತಿರುವ ಮಗುವೂ ಆ ತರಗತಿಯಲ್ಲಿ ಕುಳಿತಿರಬಹುದಲ್ಲವೆ?