ಆರು ತಿಂಗಳು, ಹತ್ತು ವರ್ಷ: ಅಮೆರಿಕದ ಪಾಳಿಯ ಚರಿತ್ರೆ



ಬೆಂಗಳೂರಿನವರು 'ಕ್ಯೂ' ಎನ್ನುವುದಕ್ಕೆ ನಮ್ಮ ಕಡೆಯವರು 'ಪಾಳಿ' ಎನ್ನುತ್ತಾರೆ. ನ್ಯಾಯಬೆಲೆ ಅಂಗಡಿಯ ಮುಂದೆ ಪಾಳಿ, ಕಾಲುವೆಯ ನೀರಿಗೆ ಪಾಳಿ, ಕಾರ್ಖಾನೆಗೆ ಕಬ್ಬು ಕಳಿಸುವುದಕ್ಕೂ ಪಾಳಿ. ಯಮಕನಮರಡಿಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಅಕ್ಷರ ಕಲಿತು, ಬೆಳಗಾವಿ ಹುಬ್ಬಳ್ಳಿಗಳ ಇಂಜಿನಿಯರಿಂಗ್ ಕಾಲೇಜುಗಳನ್ನು ಮುಗಿಸಿ, ಬೆಂಗಳೂರು ಪುಣೆಗಳ ದಾರಿಯಾಗಿ ಅಮೆರಿಕವನ್ನು ಸೇರಿದ ನನ್ನ ಹಲವು ವಿದ್ಯಾರ್ಥಿಗಳು ಈಗ ಬೇರೊಂದು ಪಾಳಿಯಲ್ಲಿ ನಿಂತಿದ್ದಾರೆ. ಆ ಪಾಳಿಗೆ ಕಣ್ಣಿಗೆ ಕಾಣುವ ಸಾಲಿಲ್ಲ. ಮುಂದೆ ಎಷ್ಟು ಜನರಿದ್ದಾರೆಂದು ಇಣುಕಿ ನೋಡುವುದೂ ಸಾಧ್ಯವಿಲ್ಲ. ಇರುವುದು ಒಂದು ದಿನಾಂಕ ಮಾತ್ರ.

ಈ ವಿಷಯವನ್ನು ಬರೆಯಬೇಕೆಂದು ನನಗೆ ತೋರಿದ್ದು ಅಂತಹ ಒಬ್ಬ ಶಿಷ್ಯನ ತಾಯಿ ಕೇಳಿದ ಪ್ರಶ್ನೆಯಿಂದ. ಆತ 2011ರಲ್ಲಿ ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೋದವನು. 2015ರಲ್ಲಿ ಗ್ರೀನ್ ಕಾರ್ಡಿನ ಅರ್ಜಿ ಹಾಕಿದಾಗ, ಆರು ತಿಂಗಳಲ್ಲಿ ಅದು ಮುಗಿಯುತ್ತದೆಂದು ಮನೆಗೆ ಫೋನಿನಲ್ಲಿ ತಿಳಿಸಿದ್ದ. "ಮಾಸ್ತರ್ರ, ಆರ ತಿಂಗಳದಾಗ ಮುಗೀತೈತಿ ಅಂದಿದ್ದ. ಹತ್ತ ವರ್ಷ ಆತು. ಅಂವಾ ಸುಳ್ಳ ಹೇಳಿದ್ನೋ, ಅಲ್ಲಿ ಸರ್ಕಾರ ಸುಳ್ಳ ಹೇಳೇತೋ?" ಎಂದು ಆಕೆ ಕೇಳಿದರು. ಹೊಲವನ್ನು ಇನ್ನೊಂದು ವರ್ಷ ಪಾಲಿಗೆ ಹಾಕಬೇಕೋ, ಮಾರಬೇಕೋ ಎಂಬುದು ಅವರ ಮನೆಯಲ್ಲಿ ಈ ಉತ್ತರಕ್ಕಾಗಿ ನಿಂತಿದೆ. ಇಬ್ಬರೂ ಸುಳ್ಳು ಹೇಳಿಲ್ಲ ಎಂದೆ. ಹೇಗೆ ಎಂಬುದನ್ನು ವಿವರಿಸಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

1917ರಲ್ಲಿ ಅಮೆರಿಕದ ಶಾಸನಸಭೆಯು ಏಷ್ಯದ ಬಹುಭಾಗದ ಮೇಲೆ ಗೆರೆ ಎಳೆದು, ಆ ಗೆರೆಯೊಳಗಿನ ದೇಶಗಳವರಿಗೆ ಪ್ರವೇಶವನ್ನು ನಿಷೇಧಿಸಿತು. ಭಾರತವೂ ಆ ಗೆರೆಯೊಳಗೆ ಬಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬುವರ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಥಿಂದ್ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. 1946ರಲ್ಲಿ ಟ್ರೂಮನ್ನರ ಸಹಿಯೊಂದಿಗೆ ಬಂದ ಲೂಸ್-ಸೆಲ್ಲರ್ ಕಾಯಿದೆಯು ಬಾಗಿಲನ್ನು ಒಂದು ಬೆರಳಿನಷ್ಟು ತೆರೆಯಿತು. ವರ್ಷಕ್ಕೆ ನೂರು ಜನ, ಅದೂ ಇಡೀ ಭಾರತಕ್ಕೆ! ನಮ್ಮ ಶಾಲೆಯ ಒಂದೇ ವರ್ಷದ ಏಳನೆಯ ಇಯತ್ತೆಯ ಮಕ್ಕಳು ಅದಕ್ಕಿಂತ ಹೆಚ್ಚಿದ್ದ ದಿನಗಳುಂಟು.

ಬಾಗಿಲು ನಿಜವಾಗಿ ತೆರೆದದ್ದು 1965ರ ಅಕ್ಟೋಬರ್ 3ರಂದು. ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ಪ್ರತಿಮೆಯ ಪಾದದಲ್ಲಿ ಕುಳಿತು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಹುಟ್ಟಿದ ಜನಾಂಗವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿ ಹೋಯಿತು. ವೃತ್ತಿಪರರಿಗೆ ಪ್ರತ್ಯೇಕ ಸ್ಥಾನ ಬಂದಿತು. ಪೂರ್ವ ಗೋಲಾರ್ಧದ ಪ್ರತಿಯೊಂದು ದೇಶಕ್ಕೂ ವರ್ಷಕ್ಕೆ 20,000ದ ಮಿತಿ ನಿಗದಿಯಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಈ ಭಾಗದಿಂದ ಮೊದಲು ಸಮುದ್ರ ದಾಟಿದವರಲ್ಲಿ ವೈದ್ಯರೇ ಹೆಚ್ಚು ಇದ್ದುದು ಆಕಸ್ಮಿಕವಲ್ಲ. ಈ ಹೊತ್ತು ಎಲ್ಲರೂ ಬೈಯುವ 'ದೇಶವಾರು ಮಿತಿ' ಎಂಬುದು ಆಗ ನ್ಯಾಯದ ಹೆಸರಿನಲ್ಲಿಯೇ ಬಂದದ್ದು: ಇಂಗ್ಲೆಂಡಿಗೆಷ್ಟೋ ಭಾರತಕ್ಕೂ ಅಷ್ಟೇ ಎಂದು.

ಈಗಿನ ಲೆಕ್ಕ 1990ರ ಕಾಯಿದೆಯದು. ಉದ್ಯೋಗದ ಆಧಾರದ ಮೇಲೆ ಇಡೀ ಜಗತ್ತಿಗೆ ವರ್ಷಕ್ಕೆ 1,40,000 ಗ್ರೀನ್ ಕಾರ್ಡು. ಅದರಲ್ಲಿ ಐದು ವರ್ಗಗಳು. ಉನ್ನತ ಪದವಿಯುಳ್ಳವರ ಎರಡನೆಯ ವರ್ಗಕ್ಕೆ, ಅಂದರೆ ನಮ್ಮ ಹುಡುಗರು 'ಇಬಿ-2' ಎಂದು ಕರೆಯುವ ವರ್ಗಕ್ಕೆ, ಶೇಕಡಾ 28.6. ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ಗುಣಿಸಿ ನೋಡಿರಿ, ಗಣಿತದ ಪೀರಿಯಡ್ ತಪ್ಪಿಸುತ್ತಿದ್ದವರೂ ನೋಡಿರಿ. 40,040ರಲ್ಲಿ ಶೇಕಡಾ 7 ಎಂದರೆ ಸುಮಾರು 2,800. ಇದರಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ. ನಾಲ್ಕು ಜನರ ಕುಟುಂಬವೆಂದು ಹಿಡಿದರೆ ವರ್ಷಕ್ಕೆ 700 ಮನೆಗಳು. ಅದೇ 1990ರ ಕಾಯಿದೆಯು ತಾತ್ಕಾಲಿಕ ಕೆಲಸದ ಎಚ್-1ಬಿ ವೀಸಾಗಳಿಗೆ ವರ್ಷಕ್ಕೆ 65,000ದ ಮಿತಿಯನ್ನಿಟ್ಟಿತು. ಅಲ್ಲಿ ದೇಶವಾರು ಮಿತಿ ಇಲ್ಲ. ಕಂಪ್ಯೂಟರ್ ಕೆಲಸ ಉಕ್ಕಿ ಬಂದ ಕಾಲದಲ್ಲಿ, 2001ರಿಂದ 2003ರವರೆಗಿನ ಸರ್ಕಾರಿ ವರ್ಷಗಳಲ್ಲಿ, ಈ ಮಿತಿಯನ್ನು 1,95,000ಕ್ಕೆ ಏರಿಸಲಾಯಿತು. ದೊಡ್ಡ ಕಾಲುವೆಯಲ್ಲಿ ನೀರು ಬಿಟ್ಟು, ತುದಿಯ ತೂಬನ್ನು ಮಾತ್ರ ಮೊದಲಿನಷ್ಟೇ ಇಟ್ಟರೆ ನೀರು ಎಲ್ಲಿ ನಿಲ್ಲುತ್ತದೆಂಬುದನ್ನು ಹಿಡಕಲ್ ಜಲಾಶಯದ ಕೆಳಗಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಈ ಆರು ತಿಂಗಳು ಯಾವುದು? ಕಬ್ಬಿನ ಉದಾಹರಣೆಯಿಂದಲೇ ಹೇಳುತ್ತೇನೆ. ರೈತನು ಕಬ್ಬು ನೆಟ್ಟ ದಿನಾಂಕವನ್ನು ಕಾರ್ಖಾನೆಯಲ್ಲಿ ಬರೆಯಿಸುತ್ತಾನೆ. ಕಾರ್ಖಾನೆಯವರು ಬಂದು ಹೊಲ ನೋಡಿ, ಎಕರೆ ಅಳೆದು, ಹೌದೆಂದು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಆದರೆ ಕಡಿಯುವ ಗ್ಯಾಂಗು ಬರುವುದು ನೆಟ್ಟ ದಿನಾಂಕದ ಪಾಳಿಯಂತೆ. ಹೊಲ ನೋಡಿಹೋದರೆಂದು ಕಬ್ಬು ಗಾಡಿಗೇರುವುದಿಲ್ಲ. ಅಮೆರಿಕದಲ್ಲಿ ಕಂಪನಿಯು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ ದಿನವೇ ನೆಟ್ಟ ದಿನ. ಅದಕ್ಕೆ 'ಪ್ರಯಾರಿಟಿ ಡೇಟ್' ಎಂದು ಹೆಸರು. ಐ-140 ಎಂಬ ನಮೂನೆಯ ಪರಿಶೀಲನೆಯೇ ಹೊಲ ನೋಡುವ ಕೆಲಸ. ವಲಸೆ ಕಚೇರಿಯು ಪ್ರಕಟಿಸುವ 'ಪ್ರೊಸೆಸಿಂಗ್ ಟೈಮ್' ಈ ಪರಿಶೀಲನೆಯದು. ಪಾಳಿಯನ್ನು ತಿಳಿಸುವುದು ಬೇರೆ ಇಲಾಖೆ: ವಿದೇಶಾಂಗ ಇಲಾಖೆಯು ತಿಂಗಳಿಗೊಮ್ಮೆ ಹೊರಡಿಸುವ 'ವೀಸಾ ಬುಲೆಟಿನ್'. ನನ್ನ ಶಿಷ್ಯನ ಐ-140 ಹೇಳಿದ ಹಾಗೆಯೇ ಆರು ತಿಂಗಳಲ್ಲಿ ಮಂಜೂರಾಯಿತು. ಅವನ ಪಾಳಿಯ ದಿನಾಂಕ 2015ರ ಫೆಬ್ರವರಿ. 2025ರ ಅಕ್ಟೋಬರ್ ಬುಲೆಟಿನ್ನಿನಲ್ಲಿ ಭಾರತದ ಇಬಿ-2 ಪಾಳಿ ನಿಂತಿದ್ದುದು 2013ರ ಏಪ್ರಿಲ್ 1ರಲ್ಲಿ.

2001ರಲ್ಲಿ 'ಪ್ರೀಮಿಯಂ' ಎಂಬ ಸೌಕರ್ಯ ಆರಂಭವಾಯಿತು. ಆಗ ಸಾವಿರ ಡಾಲರ್ ಹೆಚ್ಚಿಗೆ ಕೊಟ್ಟರೆ ಹದಿನೈದು ದಿನಗಳಲ್ಲಿ ಅರ್ಜಿ ನೋಡುತ್ತಿದ್ದರು. ಮೊದಲು ತಾತ್ಕಾಲಿಕ ವೀಸಾಗಳಿಗಿದ್ದದ್ದು 2006ರಿಂದ ಐ-140ಕ್ಕೂ ಬಂದಿತು. ಈ ಹಣದಿಂದ ಹೊಲ ಬೇಗ ನೋಡಿಸಿಕೊಳ್ಳಬಹುದು. ಗ್ಯಾಂಗು ಮಾತ್ರ ಬೇಗ ಬರುವುದಿಲ್ಲ. ಊರಿನಲ್ಲಿ ಇದನ್ನು ತಿಳಿಯದೆ, "ರೊಕ್ಕ ಕೊಟ್ಟರ ಲಗು ಆಕ್ಕೈತಂತ" ಎಂದು ಮಾತನಾಡುವವರಿದ್ದಾರೆ.

ಪಾಳಿ ಮುಂದಕ್ಕಷ್ಟೇ ಸರಿಯುತ್ತದೆಂದು ತಿಳಿಯಬಾರದು. 2007ರ ಜುಲೈ ತಿಂಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಆ ತಿಂಗಳ ಬುಲೆಟಿನ್ ಜೂನ್ ಮಧ್ಯದಲ್ಲಿ ಪ್ರಕಟವಾದಾಗ, ಕುಶಲ ಕೆಲಸಗಾರರ ಎಲ್ಲ ವರ್ಗಗಳಲ್ಲೂ ಪಾಳಿಯೇ ಇಲ್ಲ, ಎಲ್ಲರೂ ಕೊನೆಯ ಅರ್ಜಿ ಸಲ್ಲಿಸಬಹುದು ಎಂದಿತ್ತು. ಸಾವಿರಾರು ಕುಟುಂಬಗಳು ವೈದ್ಯಕೀಯ ಪರೀಕ್ಷೆ ಮಾಡಿಸಿದವು, ವಕೀಲರಿಗೆ ಹಣ ಕಟ್ಟಿದವು, ಊರಿನಿಂದ ಜನನ ಪ್ರಮಾಣಪತ್ರಗಳನ್ನು ತರಿಸಿದವು. (ಹಳ್ಳಿಯಲ್ಲಿ, ಮನೆಯಲ್ಲಿಯೇ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೆಂಬುದು ಎಂತಹ ಪಡಿಪಾಟಲೆಂದು ಬಲ್ಲವರು ಬಲ್ಲರು. ಶಾಲೆಯ ದಾಖಲಾತಿ ಪುಸ್ತಕವೇ ಎಷ್ಟೋ ಜನರಿಗೆ ಆಧಾರ.) ಜುಲೈ 2ರಂದು ಇಲಾಖೆಯು ಮಾತು ಬದಲಿಸಿತು: ಆ ವರ್ಷದ ವೀಸಾಗಳು ಮುಗಿದಿವೆ, ಅರ್ಜಿಗಳನ್ನು ಸ್ವೀಕರಿಸಲಾಗದು. ಆಗ ಕಾಯುತ್ತಿದ್ದವರು ಕಲ್ಲೆಸೆಯಲಿಲ್ಲ. ಹಿಂದಿನ ವರ್ಷ ಬಂದಿದ್ದ 'ಲಗೇ ರಹೋ ಮುನ್ನಾಭಾಯಿ' ಚಿತ್ರದ ಗಾಂಧಿಗಿರಿಯನ್ನು ನೆನೆದು, ಜುಲೈ 10ರಂದು ವಲಸೆ ಕಚೇರಿಯ ನಿರ್ದೇಶಕ ಎಮಿಲಿಯೊ ಗೊಂಜಾಲೆಸರ ವಿಳಾಸಕ್ಕೆ ರಾಶಿ ರಾಶಿ ಹೂಗಳನ್ನು ಕಳಿಸಿದರು. ಅವರು ಆ ಹೂಗಳನ್ನು ಗಾಯಾಳು ಸೈನಿಕರ ಆಸ್ಪತ್ರೆಗಳಿಗೆ ಕಳಿಸಿಕೊಟ್ಟರು. ಜುಲೈ 17ರಂದು ಇಲಾಖೆ ಮತ್ತೆ ತಿರುಗಿ, ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸುವುದಾಗಿ ಒಪ್ಪಿತು. ಹೂವಿನಿಂದಷ್ಟೇ ಇದಾಯಿತೆಂದು ನಾನು ಹೇಳಲಾರೆ. ನ್ಯಾಯಾಲಯದ ಭಯವೂ ಇತ್ತು. ಆದರೂ ಗಾಂಧೀಜಿಯ ಹೆಸರು ಸಿನಿಮಾದ ಮೂಲಕವಾದರೂ ಅಲ್ಲಿಗೆ ಮುಟ್ಟಿತಲ್ಲ.

2012ರಲ್ಲಿ ಪಾಳಿ ಹಿಮ್ಮುಖವಾಗಿ ಓಡಿತು. ಆ ವರ್ಷದ ಏಪ್ರಿಲ್‌ನಲ್ಲಿ ಭಾರತದ ಇಬಿ-2 ಗೆರೆ 2010ರ ಮೇ 1ರವರೆಗೆ ಬಂದಿತ್ತು. ಮೇ ತಿಂಗಳಲ್ಲಿ ಅದು 2007ರ ಆಗಸ್ಟ್‌ಗೆ, ಅಕ್ಟೋಬರ್‌ನಲ್ಲಿ 2004ರ ಸೆಪ್ಟೆಂಬರ್‌ಗೆ ಬಿದ್ದಿತು. ಇದಕ್ಕೆ ಕಾರಣವುಂಟು. ಬೇರೆ ದೇಶಗಳು ಬಳಸದೆ ಉಳಿಸಿದ ಪಾಲು, ದೇಶವನ್ನು ನೋಡದೆ, ಎಲ್ಲಕ್ಕೂ ಹಳೆಯ ದಿನಾಂಕದವರಿಗೆ ಹೋಗುತ್ತದೆ. ಮೇಲಿನವರು ನೀರು ಕಟ್ಟದಿದ್ದಾಗ ತುದಿಯ ಹೊಲಕ್ಕೆ ಹರಿಯುವಂತೆ. ಮೇಲಿನವರು ಮತ್ತೆ ನೀರು ಕಟ್ಟಿದ ದಿನ ತುದಿಯಲ್ಲಿ ಒಣಗಿತು.

ಮಹಾಮಾರಿಯ ಕಾಲದಲ್ಲಿ ಇದೇ ಇನ್ನೂ ದೊಡ್ಡದಾಗಿ ನಡೆಯಿತು. 2020ರಲ್ಲಿ ದೂತಾವಾಸಗಳು ಮುಚ್ಚಿ ಕುಟುಂಬ ವರ್ಗದ ವೀಸಾಗಳು ಉಳಿದವು. ಕಾಯಿದೆಯಂತೆ ಅವು ಮರುವರ್ಷ ಉದ್ಯೋಗ ವರ್ಗಕ್ಕೆ ಸೇರಿದವು. ಆದರೆ ಕಚೇರಿಯು ಅಷ್ಟು ಕಡತಗಳನ್ನು ಮುಗಿಸಲಾರದೆ, 2021ರ ಸೆಪ್ಟೆಂಬರ್ ಕೊನೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಗ್ರೀನ್ ಕಾರ್ಡುಗಳು ಯಾರಿಗೂ ಸಲ್ಲದೆ ವ್ಯರ್ಥವಾದವು. 2022ರ ಬೇಸಿಗೆಯಲ್ಲಿ ಇಬಿ-2 ಗೆರೆ 2014ರ ಡಿಸೆಂಬರ್ 1ನ್ನು ಮುಟ್ಟಿತು. ನನ್ನ ಶಿಷ್ಯನ ಫೆಬ್ರವರಿಗೆ ಎರಡೇ ತಿಂಗಳು ಬಾಕಿ. ಅವನ ತಾಯಿ ಆಗ ಮನೆಯ ಗೋಡೆಗೆ ಸುಣ್ಣ ಹೊಡೆಸಿದ್ದರು. ಅಕ್ಟೋಬರ್‌ನಲ್ಲಿ ಗೆರೆಯು 2012ರ ಏಪ್ರಿಲ್‌ಗೆ ಹಿಂದಿರುಗಿತು.

ಇನ್ನು 'ಪ್ರೊಸೆಸಿಂಗ್ ಟೈಮ್' ಎಂಬ ಅಂಕಿಯನ್ನಾದರೂ ಹೇಗೆ ಓದಬೇಕು? ಹಿಂದೆ, ಶಿಷ್ಯರಲ್ಲಿ ಹಿರಿಯರು ಅರ್ಜಿ ಹಾಕುತ್ತಿದ್ದ ಕಾಲದಲ್ಲಿ, ವರ್ಮಾಂಟ್, ಟೆಕ್ಸಸ್, ನೆಬ್ರಾಸ್ಕ, ಕ್ಯಾಲಿಫೋರ್ನಿಯ ಎಂಬ ನಾಲ್ಕು ಕೇಂದ್ರಗಳು ತಾವು ಯಾವ ದಿನಾಂಕದ ಕಡತವನ್ನು ನೋಡುತ್ತಿದ್ದೇವೆಂದು ಪಟ್ಟಿ ಹಾಕುತ್ತಿದ್ದವು. ಈಚಿನ ವರ್ಷಗಳ ಅಂಕಿಯ ಅರ್ಥ ಬೇರೆ: ಕಳೆದ ಆರು ತಿಂಗಳಲ್ಲಿ ಮುಗಿದ ಅರ್ಜಿಗಳಲ್ಲಿ ಶೇಕಡಾ 80 ಎಷ್ಟು ಕಾಲದೊಳಗೆ ಮುಗಿದವು ಎಂಬುದು. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ನೂರರಲ್ಲಿ ಇಪ್ಪತ್ತು ಜನರಿಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿದಿದೆ. ಮತ್ತು ಲೆಕ್ಕದಲ್ಲಿ ಸೇರಿದವು ಮುಗಿದ ಅರ್ಜಿಗಳು ಮಾತ್ರ. ಪರೀಕ್ಷೆಯ ಕೋಣೆಯಿಂದ ಹೊರಬಂದ ಮಕ್ಕಳನ್ನಷ್ಟೇ ಕೇಳಿ, ಪತ್ರಿಕೆ ಬರೆಯಲು ಎಷ್ಟು ಹೊತ್ತಾಯಿತೆಂದು ತೀರ್ಮಾನಿಸಿದರೆ, ಒಳಗೆ ಇನ್ನೂ ಪೆನ್ನು ಕಚ್ಚುತ್ತ ಕುಳಿತವರು ಲೆಕ್ಕಕ್ಕೆ ಬರುವುದಿಲ್ಲ. ಅದು ನಿನ್ನೆಯವರ ಅನುಭವ. ಇಂದು ಅರ್ಜಿ ಹಾಕಿದವನಿಗೆ ಕೊಟ್ಟ ವಚನವಲ್ಲ.

ಕೆನಡಕ್ಕೆ ಹೋದವರು ತಮ್ಮಲ್ಲಿ ಹೀಗಿಲ್ಲವೆಂದು ನನಗೆ ಬರೆಯುತ್ತಾರೆ. ನಿಜ, 1967ರಿಂದ ಅಲ್ಲಿ ಅಂಕಗಳ ಪದ್ಧತಿಯಿದೆ, ದೇಶವಾರು ಮಿತಿಯಿಲ್ಲ. ಆದರೆ ಅಲ್ಲಿಯೂ ಲಕ್ಷಗಟ್ಟಲೆ ಅರ್ಜಿಗಳು ವರ್ಷಗಟ್ಟಲೆ ಕೊಳೆತವು. 2012ರಲ್ಲಿ ಆ ಸರ್ಕಾರವು ಒಂದು ಕಾಯಿದೆ ಮಾಡಿ, 2008ರ ಫೆಬ್ರವರಿ 27ಕ್ಕೆ ಮೊದಲು ಬಂದಿದ್ದ ಕುಶಲ ಕೆಲಸಗಾರರ ಇತ್ಯರ್ಥವಾಗದ ಅರ್ಜಿಗಳನ್ನು ಒಟ್ಟಿಗೆ ರದ್ದುಪಡಿಸಿ ಶುಲ್ಕ ಹಿಂದಿರುಗಿಸಿತು. ಕುಟುಂಬದವರು ಸೇರಿ ಸುಮಾರು 2,80,000 ಜನ ಪಾಳಿಯಿಂದ ಹೊರಬಿದ್ದರು. 2015ರ ಜನವರಿಯಲ್ಲಿ ಬಂದ 'ಎಕ್ಸ್‌ಪ್ರೆಸ್ ಎಂಟ್ರಿ'ಯು ಆರು ತಿಂಗಳ ಗುರಿ ಇಟ್ಟುಕೊಂಡಿತು. ಆದರೆ ಆ ಗಡಿಯಾರ ನಡೆಯತೊಡಗುವುದು ಸರ್ಕಾರವು ಕರೆದ ಮೇಲೆ, ಅರ್ಜಿ ಪೂರ್ತಿಯಾಗಿ ಸಲ್ಲಿಸಿದ ಮೇಲೆ. ಕರೆಗಾಗಿ ಕಾದದ್ದು ಲೆಕ್ಕದ ಹೊರಗೆ.

ಈಗ ಆ ತಾಯಿಯ ಪ್ರಶ್ನೆಗೆ ಮರಳುತ್ತೇನೆ. ಮಗನಿಗೆ ಅಲ್ಲಿಯೇ ಕೆಲಸ ಮಾಡಿಕೊಂಡಿರಲು ತೊಂದರೆಯಿಲ್ಲ. ಎಚ್-1ಬಿಯ ಆರು ವರ್ಷ ಮುಗಿದರೂ, 2000ದ ಇಸವಿಯ ಕಾಯಿದೆಯಂತೆ ಪಾಳಿಯಲ್ಲಿರುವವರಿಗೆ ಮೂರು ಮೂರು ವರ್ಷ ಮುಂದುವರಿಸುತ್ತಾರೆ. ಕೆಲಸ ಹೋದರೆ ಮಾತ್ರ ಕಷ್ಟ. ಚಿಂತೆಯಿರುವುದು ಮೊಮ್ಮಗಳದು. ಆಕೆ ಬೆಳಗಾವಿಯಲ್ಲಿ ಹುಟ್ಟಿದ್ದು 2008ರ ನವೆಂಬರ್‌ನಲ್ಲಿ. ಇಪ್ಪತ್ತೊಂದು ತುಂಬಿದ ಮೇಲೆ ಆಕೆ ತಂದೆಯ ಅರ್ಜಿಯ 'ಮಗು' ಅಲ್ಲ. ಮೂರರ ವಯಸ್ಸಿನಿಂದ ಬೆಳೆದ ದೇಶದಲ್ಲಿ ತನ್ನದೇ ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ಹೊರಡಬೇಕು. 2002ರ ಆಗಸ್ಟ್‌ನಲ್ಲಿ ಬಂದ ಮಕ್ಕಳ ರಕ್ಷಣೆಯ ಕಾಯಿದೆಯು ಒಂದು ವಿನಾಯಿತಿ ಕೊಡುತ್ತದೆ: ತಂದೆಯ ಐ-140 ಕಚೇರಿಯಲ್ಲಿ ಎಷ್ಟು ದಿನ ಇತ್ಯರ್ಥವಾಗದೆ ಇತ್ತೋ ಅಷ್ಟು ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಪ್ರೀಮಿಯಂ ಹಣ ಕಟ್ಟಿ ಹದಿನೈದು ದಿನಗಳಲ್ಲಿ ಮುಗಿಸಿಕೊಂಡವರ ಮಕ್ಕಳಿಗೆ ಸಿಗುವುದು ಹದಿನೈದೇ ದಿನ. ನನ್ನ ಶಿಷ್ಯನ ಕಡತವು ಆರು ತಿಂಗಳು ಬಿದ್ದಿತ್ತು. ಆದ್ದರಿಂದ ಮೊಮ್ಮಗಳಿಗೆ ಗಡುವು 2029ರ ನವೆಂಬರ್ ಅಲ್ಲ, 2030ರ ಮೇ. 2025ರ ಅಕ್ಟೋಬರ್‌ನಿಂದ ಎಣಿಸಿದರೆ ನಾಲ್ಕೂವರೆ ವರ್ಷ. ಅಷ್ಟರೊಳಗೆ ಪಾಳಿಯು 2013ರ ಏಪ್ರಿಲ್‌ನಿಂದ 2015ರ ಫೆಬ್ರವರಿಯನ್ನು ದಾಟಬೇಕು.

ಇದನ್ನು ಕಾಗದದ ಮೇಲೆ ಬರೆದು ಆಕೆಗೆ ಕೊಟ್ಟೆ. ಹೊಲವನ್ನು ಈ ವರ್ಷವೂ ಪಾಲಿಗೆ ಹಾಕಿದ್ದಾರೆ.