ಮಂಗನ ಕಾಯಿಲೆ: ಪಥ್ಯವೆಷ್ಟು, ಟಾನಿಕ್ ಎಷ್ಟು?

ಕತ್ತಲಗೆರೆ (ಚನ್ನಗಿರಿ ತಾ.): ಉಣ್ಣೆ ಕಡಿತದಿಂದ ಹರಡುವ ರೋಗಗಳ ಪೈಕಿ ಅಮೆರಿಕ, ಯುರೋಪ್‌ಗಳಲ್ಲಿ ಹೆಚ್ಚು ಚರ್ಚೆಗೊಳಗಾಗಿರುವುದು ಲೈಮ್ ಕಾಯಿಲೆ. ಕರ್ನಾಟಕದಲ್ಲಿ ಆ ಸ್ಥಾನ ಮಂಗನ ಕಾಯಿಲೆಯದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಈ ರೋಗ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಇದು ಮಲೆನಾಡಿನ ಕಾಯಿಲೆಯೆಂದೇ ಹೆಸರಾಗಿದ್ದರೂ, ಶಿವಮೊಗ್ಗ ಜಿಲ್ಲೆಗೆ ಹೊಂದಿಕೊಂಡಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಿಂದ ಕೂಲಿಗೋ ನೆಂಟರ ಮನೆಗೋ ಕಾಡಿನಂಚಿನ ಊರುಗಳಿಗೆ ಹೋಗಿಬರುವವರೂ ಇದರ ಬಗ್ಗೆ ತಿಳಿದಿರಬೇಕು.

ವೈರಸ್‌ನಿಂದ ಬರುವ ಈ ಜ್ವರಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯನ್ನು 2022ರಲ್ಲಿ ಕೈಬಿಡಲಾಯಿತು. ಆದ್ದರಿಂದ ಚಿಕಿತ್ಸೆಯೆಂದರೆ ಮುಖ್ಯವಾಗಿ ದೇಹದ ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ನಿಗಾ ಇಡುವುದು, ನಿಶ್ಶಕ್ತಿ ನೀಗಿಸುವುದು. ಆಹಾರಕ್ಕೆ ಇಲ್ಲಿ ದೊಡ್ಡ ಪಾತ್ರವಿರುವುದು ಈ ಕಾರಣಕ್ಕೆ. ಔಷಧವಿಲ್ಲದ ಜಾಗದಲ್ಲಿ ಟಾನಿಕ್ ಬಾಟಲಿಗಳು ಬಂದು ಕೂರುವುದೂ ಇದೇ ಕಾರಣಕ್ಕೆ.

ಜ್ವರದ ದಿನಗಳಲ್ಲಿ

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ಹಣೆನೋವು, ತೀವ್ರ ಮೈಕೈ ನೋವು ಆರಂಭವಾಗುತ್ತವೆ. ವಾಂತಿ, ಭೇದಿಯೂ ಜೊತೆಗೂಡಿದರೆ ರಕ್ತದೊತ್ತಡ ಕುಸಿಯುತ್ತದೆ. ಈ ಹಂತದಲ್ಲಿ ಪೌಷ್ಟಿಕಾಂಶಕ್ಕಿಂತ ನೀರು ಮುಖ್ಯ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕರಗಿಸಿ ಗುಟುಕು ಗುಟುಕಾಗಿ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಅಷ್ಟೇ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ನೀರುಮಜ್ಜಿಗೆ, ಉಪ್ಪು ಹಾಕಿದ ಅಕ್ಕಿ ಗಂಜಿ, ಹೆಸರುಬೇಳೆ ಕಟ್ಟು, ಎಳನೀರು ಒಳ್ಳೆಯವು. ಆದರೆ ಮೂತ್ರಪಿಂಡದ ತೊಂದರೆಯುಳ್ಳವರು ಪೊಟ್ಯಾಸಿಯಂ ಹೆಚ್ಚಿರುವ ಎಳನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಲಂಘನಂ ಪರಮೌಷಧಂ ಎಂಬ ಮಾತನ್ನು ಹಿಡಿದು ರೋಗಿಯನ್ನು ಉಪವಾಸ ಕೆಡಹುವ ರೂಢಿ ಇನ್ನೂ ಇದೆ. ಈ ಜ್ವರಕ್ಕೆ ಅದು ಸಲ್ಲದು. ರೋಗವು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ ರೋಗಿಗೆ ಬೇರೆ ತಟ್ಟೆ, ಲೋಟ ಇಡುವ ಅಗತ್ಯವೂ ಇಲ್ಲ.

ರಕ್ತಸ್ರಾವದ ಭಯ

ಜ್ವರ ಬಂದ ಮೂರು ನಾಲ್ಕು ದಿನಗಳ ನಂತರ ಕೆಲವರಲ್ಲಿ ವಸಡು, ಮೂಗು, ಕರುಳಿನಿಂದ ರಕ್ತ ಒಸರಬಹುದು. ಪ್ಲೇಟ್‌ಲೆಟ್ ಸಂಖ್ಯೆ ತಗ್ಗಿರುವ ಇಂತಹ ಹೊತ್ತಿನಲ್ಲಿ ಆಸ್ಪಿರಿನ್, ಐಬುಪ್ರೊಫೇನ್‌ನಂತಹ ನೋವುನಿವಾರಕಗಳು ಅಪಾಯಕಾರಿ. ರಕ್ತ ಹೆಪ್ಪುಗಟ್ಟುವಿಕೆಯ ಮೇಲೆ ಪರಿಣಾಮ ಬೀರಬಲ್ಲ ಬೆಳ್ಳುಳ್ಳಿ ಸಾರದ ಗುಳಿಗೆ, ಮೀನೆಣ್ಣೆ ಕ್ಯಾಪ್ಸೂಲ್‌ಗಳನ್ನೂ ನಿಲ್ಲಿಸುವುದು ಲೇಸು. ಒಗ್ಗರಣೆಯ ಬೆಳ್ಳುಳ್ಳಿಗೆ ಈ ಮಾತು ಅನ್ವಯಿಸದು. ಯಕೃತ್ತಿಗೂ ಪೆಟ್ಟು ಬೀಳುವುದರಿಂದ ಮದ್ಯ ಪೂರ್ಣ ವರ್ಜ್ಯ. ಪ್ಯಾರಸಿಟಮಾಲ್ ಕೂಡ ವೈದ್ಯರು ಹೇಳಿದಷ್ಟೇ.

ಕಬ್ಬಿಣಾಂಶದ ಮಾತ್ರೆಯಲ್ಲಿ ಇನ್ನೊಂದು ತೊಡಕಿದೆ. ಅದು ಮಲವನ್ನು ಕಪ್ಪಾಗಿಸುತ್ತದೆ. ಕರುಳಿನ ರಕ್ತಸ್ರಾವದ ಲಕ್ಷಣವೂ ಕಪ್ಪು ಮಲವೇ. ಹೀಗಾಗಿ ಜ್ವರದ ನಡುವೆ ಸ್ವಂತ ಬುದ್ಧಿಯಿಂದ ಅದನ್ನು ನುಂಗಿದರೆ ಎಚ್ಚರಿಕೆಯ ಗುರುತೊಂದು ಮರೆಯಾಗುತ್ತದೆ. ಡೆಂಗಿಯ ಕಾಲದಲ್ಲಿ ಮನೆಮಾತಾದ ಪಪ್ಪಾಯಿ ಎಲೆಯ ರಸ ಮಂಗನ ಕಾಯಿಲೆಯನ್ನು ಗುಣಪಡಿಸುತ್ತದೆ ಎನ್ನಲು ಆಧಾರವಿಲ್ಲ. ವಾಂತಿಯಾಗುತ್ತಿರುವವರಿಗೆ ಆ ಕಹಿ ರಸ ಕುಡಿಸುವುದು ಹಿಂಸೆಯೇ ಸರಿ.

ಚೇತರಿಕೆಯ ಕಾಲ

ಜ್ವರ ಇಳಿದ ಮೇಲೂ ನಿಶ್ಶಕ್ತಿ, ಸ್ನಾಯುನೋವು ವಾರಗಟ್ಟಲೆ ಉಳಿಯಬಹುದು. ಆಗ ಬೇಕಾದದ್ದು ಪ್ರೋಟೀನ್. ಬೇಳೆ, ಮೊಳಕೆ ಹೆಸರುಕಾಳು, ಮೊಟ್ಟೆ, ಮೊಸರು, ಮೀನು ಯಾವುದು ಕೈಗೆಟುಕುತ್ತದೋ ಅದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಅಂಬಲಿ, ಮುದ್ದೆ ದುಬಾರಿ ಪುಡಿಡಬ್ಬಿಗಳಿಗೆ ಸಮರ್ಥ ಬದಲಿ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದಕ್ಕೆ ಅಡ್ಡಿ. ಬಿ12, ಡಿ ವಿಟಮಿನ್, ಕಬ್ಬಿಣ ಇವು ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ.

ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಮೂರನೇ ವಾರದ ಆರಂಭಕ್ಕೆ ಜ್ವರ ಮರುಕಳಿಸುತ್ತದೆ. ತೀವ್ರ ತಲೆನೋವು, ನಡುಕ, ಮಂಕು, ದೃಷ್ಟಿದೋಷ ಕಂಡರೆ ಅದನ್ನು ನಿಶ್ಶಕ್ತಿಯೆಂದು ಬಗೆದು ಟಾನಿಕ್ ಕೊಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಕಾಯಿಲೆ ತಗುಲಿದವರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾವನ್ನಪ್ಪುತ್ತಾರೆ.

ಲೈಮ್ ಆದರೆ?

ಲೈಮ್ ಕಾಯಿಲೆಗೆ ಕಾರಣ ಬ್ಯಾಕ್ಟೀರಿಯಾ. ಅದಕ್ಕೆ ಡಾಕ್ಸಿಸೈಕ್ಲಿನ್‌ನಂತಹ ಪ್ರತಿಜೀವಕಗಳಿವೆ. ಅಲ್ಲಿನ ಪಥ್ಯದ ಲೆಕ್ಕವೇ ಬೇರೆ. ಹಾಲು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ, ಆಮ್ಲಶಾಮಕಗಳು ಈ ಔಷಧದ ಹೀರಿಕೆಯನ್ನು ತಗ್ಗಿಸುವುದರಿಂದ ಎರಡು ಮೂರು ಗಂಟೆಗಳ ಅಂತರವಿರಬೇಕು. ಗುಳಿಗೆಯನ್ನು ಊಟದ ಜೊತೆ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಕೂತಿರಬೇಕು. ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುವ ಸಂಭವವಿದೆ.